ಯಂತ್ರ ಕೊಟ್ಟಿರಿ, ಇನ್ನು ಆರ್ಡರ್ ಕೊಡಿ: ಸೇವಾ ಕ್ಲಬ್‌ಗಳಿಗೆ ಒಂದು ಬಹಿರಂಗ ಪತ್ರ

ಸೇವಾ ಕ್ಲಬ್‌ಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಮತ್ತು ಎಲ್ಲ ಸದಸ್ಯರಿಗೆ,

ನಮಸ್ಕಾರ.

ನಾನು ಬ್ಯಾಗ್ ಹೊಲಿದು ಮಾರುವ ಒಂದು ಸಣ್ಣ ಘಟಕ ನಡೆಸುತ್ತೇನೆ. ರೋಟರಿ, ಲಯನ್ಸ್, ಇನ್ನರ್ ವೀಲ್, ಝೋಂಟಾ, ಹೆಸರು ಯಾವುದೇ ಇರಲಿ, ನಿಮ್ಮಂಥ ಕ್ಲಬ್‌ಗಳು ಮಹಿಳಾ ಉದ್ಯಮಿಗಳಿಗಾಗಿ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದವಳು. ಆ ಕೆಲಸದ ಬಗ್ಗೆ ಒಂದು ಕೋರಿಕೆ ಇದೆ. ಅದನ್ನು ಒಬ್ಬ ಅಧ್ಯಕ್ಷರಿಗೆ ಮಾತ್ರ ಹೇಳಿದರೆ, ಜುಲೈ ಬರುವ ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೆಯವರು ಇರುತ್ತಾರೆ. ಅದಕ್ಕೇ ನಿಮಗೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಕೋರಿಕೆ ಇಷ್ಟು. ನಮಗೆ ಸಾಮಾನು ಕೊಟ್ಟು ಹೊರಟುಬಿಡಬೇಡಿ. ನಮ್ಮಿಂದ ಕೊಳ್ಳಿ. ಸರಿಯಾದ ಹೊತ್ತಿಗೆ ಹಣ ಕೊಡಿ. ನಿಮ್ಮ ವ್ಯಾಪಾರದ ಅನುಭವದಲ್ಲಿ ನಮಗೂ ಪಾಲು ಕೊಡಿ. ಇದನ್ನೆಲ್ಲ ಒಂದೇ ವರ್ಷಕ್ಕೆ ನಿಲ್ಲಿಸಬೇಡಿ.

ನಿಮ್ಮ ಕೆಲಸದ ಬೆಲೆ ಗೊತ್ತಿಲ್ಲದೆ ಈ ಮಾತು ಹೇಳುತ್ತಿಲ್ಲ. ರೋಟರಿ 1985ರಲ್ಲಿ ಮಕ್ಕಳಿಗೆ ಪೋಲಿಯೊ ಲಸಿಕೆ ಹಾಕಿಸುವ ಪೋಲಿಯೊಪ್ಲಸ್ ಯೋಜನೆ ಶುರು ಮಾಡಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಜೊತೆ ಸೇರಿ ಜಗತ್ತಿನಾದ್ಯಂತ ಪೋಲಿಯೊ ತೊಲಗಿಸುವ ಕೆಲಸಕ್ಕೆ ಕೈಹಾಕಿತು. ಆಗ ವರ್ಷಕ್ಕೆ ಸುಮಾರು 3,50,000 ಮಕ್ಕಳಿಗೆ ಪೋಲಿಯೊ ತಗಲುತ್ತಿತ್ತು. ಈಗ ಶೇಕಡಾ 99ಕ್ಕಿಂತ ಜಾಸ್ತಿ ಇಳಿದಿದೆ. ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ 1925ರಲ್ಲಿ ಲಯನ್ಸ್ ಸಮಾವೇಶಕ್ಕೆ ಬಂದು, ಕಣ್ಣು ಕಾಣದವರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಲಯನ್ಸ್ ಇವತ್ತಿಗೂ ಕಣ್ಣಿನ ಕೆಲಸ ಬಿಟ್ಟಿಲ್ಲ. ರಕ್ತದಾನ ಶಿಬಿರ, ಶಾಲೆಗಳಿಗೆ ಶೌಚಾಲಯ, ಪ್ರವಾಹ ಬಂದಾಗ ಮೊದಲ ದಿನವೇ ನೀರು, ಬಟ್ಟೆ. ಇದನ್ನೆಲ್ಲ ನೀವು ಪ್ರಚಾರಕ್ಕೆ ಮಾಡುತ್ತೀರಿ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಸಂಬಳ ಇಲ್ಲದೆ, ಸ್ವಂತ ಕೆಲಸ ಬಿಟ್ಟು ಬರುವವರನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಪೋಲಿಯೊ ಕೆಲಸ ಯಾಕೆ ಕೈಗೂಡಿತು ಅಂತ ಸ್ವಲ್ಪ ಯೋಚಿಸಿ. ನಡುವೆ ಎಷ್ಟೋ ಅಧ್ಯಕ್ಷರು ಬಂದರು, ಹೋದರು. ಕೆಲಸ ಮಾತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಲೇ ಇತ್ತು. ಹೊಸ ಅಧ್ಯಕ್ಷರು ಬಂದು, ಈ ವರ್ಷ ಪೋಲಿಯೊ ಬೇಡ, ಬೇರೆ ಏನಾದರೂ ಮಾಡೋಣ ಅನ್ನಲಿಲ್ಲ. ಮಹಿಳಾ ಉದ್ಯಮಿಗಳ ವಿಷಯದಲ್ಲಿ ಮಾತ್ರ ಹಾಗೆ ಆಗುತ್ತಿಲ್ಲ.

ಸಾಮಾನ್ಯವಾಗಿ ಆಗುವುದು ಹೀಗೆ. ಒಂದು ವರ್ಷ ಹೊಲಿಗೆ ಯಂತ್ರ ಹಂಚುತ್ತೀರಿ. ಮುಂದಿನ ವರ್ಷ ಮೂರು ದಿನದ ತರಬೇತಿ, ಕೊನೆಗೆ ಪ್ರಮಾಣಪತ್ರ. ಅದರ ಮುಂದಿನ ವರ್ಷ ಮಾರ್ಚ್ 8ಕ್ಕೆ ಮಾರಾಟ ಮೇಳ. ಮೂರೂ ಒಳ್ಳೆಯವೇ. ಆದರೆ ಯಂತ್ರ ಪಡೆದವರು ತರಬೇತಿಯಲ್ಲಿ ಇರುವುದಿಲ್ಲ, ತರಬೇತಿ ಪಡೆದವರು ಮೇಳಕ್ಕೆ ಬರುವುದಿಲ್ಲ. ಪ್ರತಿ ಸಲ ಹೊಸ ಹೆಸರು, ಹೊಸ ಫೋಟೊ, ಹೊಸ ಫಲಾನುಭವಿಗಳು. ಹಳಬರು ಏನಾದರು ಅಂತ ಕೇಳುವ ಕೆಲಸ ಯಾರ ಪಾಲಿಗೂ ಬಂದಿಲ್ಲ.

ಯಂತ್ರ ಮನೆಗೆ ಬಂದ ಮೇಲೆ ಏನಾಗುತ್ತದೆ? ಮೊದಲು ಅಕ್ಕಪಕ್ಕದ ಮನೆಯವರ ಬಟ್ಟೆ ಹೊಲಿಯುತ್ತೇವೆ. ಪರಿಚಯದವರು ಅಂತ ಕಡಿಮೆ ಹಣ ಕೊಡುತ್ತಾರೆ, ಇಲ್ಲವೇ ಆಮೇಲೆ ಕೊಡುತ್ತೇನೆ ಅನ್ನುತ್ತಾರೆ. ಒಂದೇ ಬೀದಿಯಲ್ಲಿ ನಾಲ್ಕು ಜನಕ್ಕೆ ಯಂತ್ರ ಸಿಕ್ಕಿದ್ದರೆ ನಾಲ್ವರೂ ಅದೇ ಗಿರಾಕಿಗಳಿಗಾಗಿ ಬೆಲೆ ಇಳಿಸುತ್ತಾರೆ. ಸಗಟು ದರದಲ್ಲಿ ಬಟ್ಟೆ ಎಲ್ಲಿ ಸಿಗುತ್ತದೆ ಅಂತ ಗೊತ್ತಿರುವುದಿಲ್ಲ. ಮೋಟರ್ ಕೆಟ್ಟರೆ ರಿಪೇರಿ ಮಾಡಿಸಲು ಕೈಯಲ್ಲಿ ಹಣ ಇರುವುದಿಲ್ಲ. ಒಂದು ದಿನ ಯಂತ್ರದ ಮೇಲೆ ಮಡಚಿದ ಬಟ್ಟೆಗಳನ್ನು ಇಡಲು ಶುರು ಮಾಡುತ್ತಾರೆ. ಆಮೇಲೆ ಅದು ಮನೆಯ ಸಾಮಾನಾಗಿಬಿಡುತ್ತದೆ. ಇದಕ್ಕೆ ಆ ಹೆಣ್ಣುಮಗಳ ಆಸಕ್ತಿ ಕಡಿಮೆಯಾಯಿತು ಅಂತ ವರದಿ ಬರೆಯುತ್ತೀರಿ. ಆಸಕ್ತಿ ಕಡಿಮೆಯಾಗಿರುವುದಿಲ್ಲ. ಅವಳಿಗೆ ಗಿರಾಕಿ ಸಿಕ್ಕಿರುವುದಿಲ್ಲ.

ಇದು ನನ್ನೊಬ್ಬಳ ಅನಿಸಿಕೆ ಅಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಅಳೆದು ನೋಡಿದ್ದಾರೆ. ಶ್ರೀಲಂಕಾದಲ್ಲಿ ಸಣ್ಣ ವ್ಯಾಪಾರಿಗಳಿಗೆ ಬಂಡವಾಳವನ್ನು ಉಚಿತವಾಗಿ ಕೊಟ್ಟು ಒಂದು ಅಧ್ಯಯನ ಮಾಡಿದರು. ಗಂಡಸರ ಲಾಭ ಏರಿತು. ಹೆಂಗಸರ ಲಾಭ ಸರಾಸರಿ ನೋಡಿದರೆ ಏರಲೇ ಇಲ್ಲ. ಇದನ್ನು ಓದಿದ ಕೆಲವರು, ಹೆಂಗಸರಿಗೆ ವ್ಯಾಪಾರ ಒಗ್ಗುವುದಿಲ್ಲ ಅಂದುಕೊಂಡರು. 2019ರಲ್ಲಿ ಬೇರೆ ಸಂಶೋಧಕರು ಶ್ರೀಲಂಕಾ, ಭಾರತ, ಘಾನಾ ದೇಶಗಳ ಅದೇ ಬಗೆಯ ಲೆಕ್ಕಗಳನ್ನು ಮತ್ತೆ ಬಿಚ್ಚಿ ನೋಡಿದರು. ಮನೆಯಲ್ಲಿ ಅವಳದೊಂದೇ ವ್ಯಾಪಾರ ಇದ್ದಲ್ಲಿ ಲಾಭ ಗಂಡಸರಷ್ಟೇ ಬಂದಿತ್ತು. ಗಂಡನಿಗೂ ಒಂದು ವ್ಯಾಪಾರ ಇದ್ದಲ್ಲಿ, ಅವಳ ಹೆಸರಿಗೆ ಬಂದ ಹಣ ಅವನ ಅಂಗಡಿಗೆ ಹೋಗಿತ್ತು.

ಈ ಫಲಿತಾಂಶ ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಎಷ್ಟೋ ಮನೆಗಳಲ್ಲಿ ಇದನ್ನು ಯಾರೂ ಮೋಸ ಅಂತ ನೋಡುವುದೂ ಇಲ್ಲ. ಸಂಸಾರ ಒಂದೇ, ಹಣ ಯಾರ ಅಂಗಡಿಯಲ್ಲಿ ಹೂಡಿದರೇನು ಅನ್ನುವ ಲೆಕ್ಕ. ಆದರೆ ನಿಮ್ಮ ಯೋಜನೆ ಅವಳ ವ್ಯಾಪಾರಕ್ಕೆ ಅಂತ ಇದ್ದರೆ, ಹಣ ಅಲ್ಲೇ ನಿಲ್ಲುವ ದಾರಿಯನ್ನು ನೀವು ಯೋಚಿಸಬೇಕಾಗುತ್ತದೆ ಅಲ್ವಾ? ಒಂದು ಆರ್ಡರ್ ಅವಳ ಹೆಸರಲ್ಲಿ ಬಂದರೆ, ಬಿಲ್ ಅವಳ ಹೆಸರಲ್ಲಿ ಆದರೆ, ಹಣ ಅವಳದೇ ಖಾತೆಗೆ ಬಂದರೆ, ಕಚ್ಚಾ ಸಾಮಗ್ರಿಗೆ ಅಂತ ಮುಂಗಡ ಸಿಕ್ಕರೆ, ಆ ಹಣ ಬೇರೆಡೆಗೆ ಹೋಗುವುದು ಕಷ್ಟ. ಒಪ್ಪಿಕೊಂಡ ದಿನಕ್ಕೆ ಮಾಲು ಕೊಡಬೇಕಲ್ಲ. ಮನೆಯವರೂ ಆಗ ಅದನ್ನು ಕೆಲಸ ಅಂತ ಒಪ್ಪುತ್ತಾರೆ.

ಸಾಲ ಕೊಡಿಸಿದರೆ ಸಾಕು ಅನ್ನುವ ಸದಸ್ಯರೂ ನಿಮ್ಮಲ್ಲಿದ್ದಾರೆ. ಸಾಲ ಬೇಕು, ನಿಜ. ಅಮೆರಿಕದಲ್ಲೇ 1988ರವರೆಗೆ ಹಲವು ರಾಜ್ಯಗಳಲ್ಲಿ ವ್ಯಾಪಾರದ ಸಾಲಕ್ಕೆ ಹೆಂಗಸರು ಮನೆಯ ಗಂಡಸಿನ ಸಹಿ ಹಾಕಿಸಬೇಕಿತ್ತು. ಆ ವರ್ಷ ಕಾನೂನು ತಂದು ಅದನ್ನು ನಿಲ್ಲಿಸಿದರು. ಆದರೆ ಸಾಲ ಒಂದರಿಂದಲೇ ಬದುಕು ಬದಲಾಗುವುದಿಲ್ಲ. ಆರು ದೇಶಗಳಲ್ಲಿ ಕಿರುಸಾಲದ ಪರಿಣಾಮ ನೋಡಿದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಒಂದಿಷ್ಟು ಅನುಕೂಲ ಇದೆ, ಬಡತನ ನೀಗುವಷ್ಟು ಇಲ್ಲ ಅನ್ನುವುದೇ ಅವುಗಳ ಒಟ್ಟು ತೀರ್ಮಾನ. ಮಾರಾಟ ಇಲ್ಲದವಳಿಗೆ ಸಾಲ ಕೊಡಿಸಿದರೆ ಅವಳಿಗೆ ಸಿಗುವುದು ಕಂತು ಮಾತ್ರ.

ಹಾಗಾದರೆ ಕೆಲಸ ಮಾಡುವುದು ಯಾವುದು? ನಿಮಗೆ ತುಂಬಾ ಸಂಬಂಧಪಟ್ಟ ಒಂದು ಅಧ್ಯಯನ ಇದೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಕೆನ್ಯಾ ದೇಶದ ನೈರೋಬಿಯ ದಂಡೋರಾ ಎಂಬ ಬಡ ಬಡಾವಣೆಯಲ್ಲಿ ಸಣ್ಣ ವ್ಯಾಪಾರ ನಡೆಸುವ ಹೆಂಗಸರನ್ನು ಗುಂಪು ಮಾಡಿದರು. ಒಂದು ಗುಂಪಿಗೆ ತರಗತಿಯಲ್ಲಿ ಕೂರಿಸಿ ವ್ಯಾಪಾರದ ಪಾಠ ಹೇಳಿದರು. ಇನ್ನೊಂದು ಗುಂಪಿನ ಒಬ್ಬೊಬ್ಬರಿಗೂ ಅದೇ ಬಡಾವಣೆಯಲ್ಲಿ ವ್ಯಾಪಾರ ಮಾಡಿ ಗೆದ್ದ ಒಬ್ಬ ಅನುಭವಿ ಹೆಂಗಸನ್ನು ಮಾರ್ಗದರ್ಶಕಿಯಾಗಿ ಜೊತೆ ಮಾಡಿದರು. ಪಾಠ ಕೇಳಿದವರ ಲೆಕ್ಕ ಬರೆಯುವ ಅಭ್ಯಾಸ ಸುಧಾರಿಸಿತು, ಲಾಭ ಏರಲಿಲ್ಲ. ಮಾರ್ಗದರ್ಶಕಿ ಸಿಕ್ಕವರ ಲಾಭ ಸರಾಸರಿ ಶೇಕಡಾ 20ರಷ್ಟು ಏರಿತು. ಕಾರಣ ದೊಡ್ಡ ತತ್ವ ಏನೂ ಅಲ್ಲ. ಕಡಿಮೆ ದರಕ್ಕೆ ಮಾಲು ಎಲ್ಲಿ ಸಿಗುತ್ತದೆ ಅನ್ನುವಂಥ, ಆ ಊರಿನ ಮಾರುಕಟ್ಟೆಯಲ್ಲಿ ಇದ್ದವರಿಗಷ್ಟೇ ಗೊತ್ತಿರುವ ಮಾತುಗಳು ಅವರಿಗೆ ಸಿಕ್ಕವು.

ಆ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇದೆ. ಮಾರ್ಗದರ್ಶಕಿಯ ಜೊತೆ ಒಡನಾಟ ನಿಂತಂತೆ ಲಾಭದ ಏರಿಕೆಯೂ ಕರಗುತ್ತಾ ಹೋಯಿತು.

ಇದನ್ನು ಓದಿ ನನಗೆ ನೆನಪಾದದ್ದು ನಿಮ್ಮ ಕ್ಲಬ್‌ಗಳೇ. ನಿಮ್ಮಲ್ಲಿ ಏನಿಲ್ಲ ಹೇಳಿ? ಆಡಿಟರ್ ಇದ್ದಾರೆ, ವಕೀಲರಿದ್ದಾರೆ, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರಿದ್ದಾರೆ. ಸಗಟು ವ್ಯಾಪಾರಿ, ಪ್ರಿಂಟಿಂಗ್ ಪ್ರೆಸ್ ಮಾಲೀಕರು, ಹೋಟೆಲಿನವರು, ಶಾಲೆ ನಡೆಸುವವರು, ಆಸ್ಪತ್ರೆ ನಡೆಸುವವರು ಇದ್ದಾರೆ. ಒಂದು ಊರಿನ ವ್ಯಾಪಾರದ ಅನುಭವ ಇಷ್ಟು ಒಟ್ಟಿಗೆ ಸಿಗುವ ಜಾಗ ಇನ್ನೊಂದಿಲ್ಲ. ಆದರೆ ನಮಗೆ ತರಬೇತಿ ಕೊಡಲು ಮಾತ್ರ ಹೊರಗಿನಿಂದ ಭಾಷಣಕಾರರನ್ನು ಕರೆಸುತ್ತೀರಿ. ಅವರು ಆತ್ಮವಿಶ್ವಾಸದ ಬಗ್ಗೆ ಮಾತಾಡಿ ಹೋಗುತ್ತಾರೆ. ನಮಗೆ ಬೇಕಾಗಿದ್ದದ್ದು, ಕೊಟೇಷನ್ ಹೇಗೆ ಬರೆಯುವುದು, ಗಿರಾಕಿ ಚೌಕಾಸಿ ಮಾಡಿದರೆ ಎಲ್ಲಿಗೆ ನಿಲ್ಲಿಸುವುದು, ಉದ್ರಿ ಯಾರಿಗೆ ಕೊಡಬಾರದು ಅನ್ನುವುದು. ಅದು ನಿಮ್ಮ ಮೂರನೇ ಸಾಲಿನಲ್ಲಿ ಕುಳಿತ ಸದಸ್ಯರಿಗೆ ಬಾಯಿಪಾಠ ಬಂದಿರುತ್ತದೆ.

ತರಬೇತಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಎಂಥ ತರಬೇತಿ ಅನ್ನುವುದು ಮುಖ್ಯ. ಟೋಗೊ ದೇಶದ ಲೋಮೆಯಲ್ಲಿ 1,500 ಸಣ್ಣ ಉದ್ಯಮಿಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಲೆಕ್ಕಪತ್ರದ ಮಾಮೂಲಿ ತರಬೇತಿ ಪಡೆದ ಹೆಂಗಸರ ಲಾಭ ಶೇಕಡಾ 5ರಷ್ಟು ಮಾತ್ರ ಏರಿತು. ತಾನೇ ಮುಂದಾಗಿ ಹೊಸ ದಾರಿ ಹುಡುಕುವುದು, ತೊಂದರೆ ಬರುವ ಮೊದಲೇ ಯೋಚಿಸುವುದು, ಇಂಥದನ್ನು ಅಭ್ಯಾಸ ಮಾಡಿಸಿದ ಗುಂಪಿನ ಹೆಂಗಸರ ಲಾಭ ಶೇಕಡಾ 40ರಷ್ಟು ಏರಿತು. ತರಗತಿ ಮುಗಿದ ಮೇಲೂ ತರಬೇತುದಾರರು ತಿಂಗಳುಗಟ್ಟಲೆ ಅವರ ಅಂಗಡಿಗೇ ಹೋಗಿ ನೋಡುತ್ತಿದ್ದರು.

ಅಹಮದಾಬಾದಿನಲ್ಲಿ ಸ್ವಯಂ ಉದ್ಯೋಗ ಮಾಡುವ ಹೆಂಗಸರ ಸಂಘವಾದ ‘ಸೇವಾ’ದ (SEWA) ಬ್ಯಾಂಕಿನ ಉದಾಹರಣೆಯನ್ನೂ ಹೇಳಬೇಕು. 1974ರಲ್ಲಿ 4,000 ಹೆಂಗಸರು ತಲಾ 10 ರೂಪಾಯಿ ಹಾಕಿ ಕಟ್ಟಿದ ಬ್ಯಾಂಕ್ ಅದು. ಅಲ್ಲಿ ಎರಡು ದಿನದ ತರಬೇತಿಗೆ ಕೆಲವರನ್ನು ಒಬ್ಬರೇ ಬನ್ನಿ ಅಂದರು, ಕೆಲವರಿಗೆ ಒಬ್ಬ ಗೆಳತಿಯನ್ನೂ ಕರೆತನ್ನಿ ಅಂದರು. ಪಾಠ ಒಂದೇ. ನಾಲ್ಕು ತಿಂಗಳ ನಂತರ ನೋಡಿದರೆ, ಗೆಳತಿಯ ಜೊತೆ ಬಂದವರು ವ್ಯಾಪಾರಕ್ಕೆ ಜಾಸ್ತಿ ಸಾಲ ತೆಗೆದುಕೊಂಡಿದ್ದರು, ಅವರ ವ್ಯಾಪಾರ ಬೆಳೆದಿತ್ತು. ಒಬ್ಬಳೇ ಹೆಜ್ಜೆ ಇಡುವುದಕ್ಕೆ ಹೆದರುವವಳು ಇಬ್ಬರಾದರೆ ಇಡುತ್ತಾಳೆ. ಇದಕ್ಕೆ ನಿಮಗೆ ಆಗುವ ಹೆಚ್ಚಿನ ಖರ್ಚು ಎಂದರೆ ಇನ್ನೊಂದು ಕುರ್ಚಿ.

ಈಗ ಕೊಳ್ಳುವ ವಿಷಯಕ್ಕೆ ಬರುತ್ತೇನೆ. ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ದೊಡ್ಡ ಕಂಪನಿಗಳು, ಸರ್ಕಾರಗಳು ಮಾಡುವ ಖರೀದಿಯಲ್ಲಿ ಮಹಿಳೆಯರ ಒಡೆತನದ ಉದ್ಯಮಗಳಿಗೆ ಸಿಗುವುದು ಸುಮಾರು ಶೇಕಡಾ 1 ಮಾತ್ರ ಎಂಬ ಅಂದಾಜನ್ನು ವಿಶ್ವಸಂಸ್ಥೆಯ ಮಹಿಳಾ ಘಟಕ ಹೇಳುತ್ತಾ ಬಂದಿದೆ. ಅಷ್ಟು ದೊಡ್ಡ ಮಟ್ಟದ್ದು ಬಿಡಿ. ನಿಮ್ಮ ಕ್ಲಬ್ಬಿನದೇ ಖರ್ಚು ನೋಡಿ. ಪದಗ್ರಹಣ ಸಮಾರಂಭಕ್ಕೆ ಬ್ಯಾಗು, ಫೈಲು, ನೆನಪಿನ ಕಾಣಿಕೆ, ಆಹ್ವಾನ ಪತ್ರ, ಅಲಂಕಾರ, ಊಟ. ಶಿಬಿರಕ್ಕೆ ಟೋಪಿ, ಟೀ ಶರ್ಟ್, ಬ್ಯಾನರ್. ಮಕ್ಕಳಿಗೆ ಹಂಚುವ ಸಮವಸ್ತ್ರ, ಶಾಲಾ ಚೀಲ. ಇದರ ಜೊತೆಗೆ ಸದಸ್ಯರ ಸ್ವಂತ ಅಂಗಡಿ, ಆಫೀಸು, ಶಾಲೆ, ಆಸ್ಪತ್ರೆಗಳ ಖರೀದಿ ಬೇರೆ. ಹೊಲಿಗೆ ಯಂತ್ರ ಕೊಟ್ಟ ಕ್ಲಬ್ಬೇ ತನ್ನ ಸಮಾವೇಶದ ಬ್ಯಾಗುಗಳನ್ನು ದೊಡ್ಡ ಸಗಟು ಅಂಗಡಿಯಿಂದ ತರಿಸಿದ್ದನ್ನು ನೋಡಿದ್ದೇನೆ. ಯಾರೂ ಬೇಕಂತ ಮಾಡಿದ್ದಲ್ಲ. ಯಂತ್ರ ಹಂಚುವ ಸಮಿತಿ ಬೇರೆ, ಸಮಾವೇಶದ ಸಮಿತಿ ಬೇರೆ. ನಮ್ಮ ಹೆಸರು ಅವರಿಗೆ ಹೊಳೆಯಲೇ ಇಲ್ಲ.

ಹಾಗಂತ ಕರುಣೆಯಿಂದ ಕೊಳ್ಳಬೇಡಿ. ಹೊಲಿಗೆ ಸರಿ ಇಲ್ಲದಿದ್ದರೆ ವಾಪಸ್ ಕಳಿಸಿ. ಏನು ಸರಿ ಇಲ್ಲ ಅಂತ ಹೇಳಿ ಕಳಿಸಿ, ಅಷ್ಟೇ. ಮೊದಲ ಆರ್ಡರ್ ಚಿಕ್ಕದಿರಲಿ. ಸ್ಯಾಂಪಲ್ ನೋಡಿ, ಅಳತೆ, ಬಟ್ಟೆ, ಕೊಡುವ ದಿನ ಎಲ್ಲವನ್ನೂ ಕಾಗದದ ಮೇಲೆ ಬರೆದು ಕೊಡಿ. ಬರೆದು ಕೊಟ್ಟ ಒಂದು ಆರ್ಡರ್ ಕೈಯಲ್ಲಿದ್ದರೆ ಬಟ್ಟೆ ಅಂಗಡಿಯವರ ಎದುರು ನಮ್ಮ ಮಾತಿಗೆ ತೂಕ ಬರುತ್ತದೆ. ಬ್ಯಾಂಕಿನಲ್ಲೂ ಅಷ್ಟೇ. ನಿಮ್ಮ ಹೊಗಳಿಕೆಯ ಪತ್ರಕ್ಕಿಂತ ನಿಮ್ಮ ಆರ್ಡರ್ ಪತ್ರ ನಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಹಣದ ಮಾತನ್ನು ನೇರವಾಗಿ ಹೇಳುತ್ತೇನೆ. ಒಮ್ಮೆ ಒಂದು ಸಂಸ್ಥೆಗೆ ಬ್ಯಾಗ್ ಹೊಲಿದು ಕೊಟ್ಟೆವು. ಸಂಸ್ಥೆಯ ಹೆಸರು ಬೇಡ. ಕಾರ್ಯಕ್ರಮ ಚೆನ್ನಾಗಿ ಆಯಿತು, ನಮ್ಮನ್ನು ವೇದಿಕೆಗೂ ಕರೆದರು. ಬಿಲ್ಲಿನ ಹಣ ಮಾತ್ರ ತಿಂಗಳುಗಳ ಕಾಲ ಬರಲಿಲ್ಲ. ಫೋನ್ ಮಾಡಿದರೆ, ಇದೆಲ್ಲ ಸೇವೆಯ ಕೆಲಸ ತಾನೇ, ಸ್ವಲ್ಪ ತಾಳಿ ಅಂದರು. ಅಷ್ಟರಲ್ಲಿ ಜೊತೆಗೆ ಹೊಲಿಯುತ್ತಿದ್ದ ಇಬ್ಬರು ಬೇರೆ ಕೆಲಸಕ್ಕೆ ಹೋದರು. ಅವರಿಗೆ ಕೂಲಿ ಕೊಡಲು ನನ್ನ ಹತ್ತಿರ ಹಣ ಇರಲಿಲ್ಲ. ದೊಡ್ಡ ವ್ಯಾಪಾರ ಮೂರು ತಿಂಗಳು ಕಾಯುತ್ತದೆ, ಸಣ್ಣದು ಮುಚ್ಚಿಹೋಗುತ್ತದೆ. ಅರ್ಧ ಮುಂಗಡ, ಉಳಿದ ಅರ್ಧ ಮಾಲು ಕೈಸೇರಿದ ವಾರದೊಳಗೆ. ಇದೊಂದು ನಿಯಮ ನಿಮ್ಮ ಕ್ಲಬ್ಬಿನಲ್ಲಿ ಬಂದರೆ, ಎಷ್ಟೋ ಯೋಜನೆಗಳು ಮಾಡದ ಉಪಕಾರವನ್ನು ಅದು ಮಾಡುತ್ತದೆ.

ಒಬ್ಬರಿಗೊಬ್ಬರು ವ್ಯಾಪಾರ ಕೊಡುವುದು ನಿಮಗೆ ಹೊಸದೂ ಅಲ್ಲ. 1905ರ ಫೆಬ್ರುವರಿ 23ರಂದು ಶಿಕಾಗೊದಲ್ಲಿ ಪಾಲ್ ಹ್ಯಾರಿಸ್ ಮೊದಲ ರೋಟರಿ ಸಭೆಗೆ ಕರೆದಾಗ ಸೇರಿದ್ದು ನಾಲ್ಕು ಜನ. ಹ್ಯಾರಿಸ್ ವಕೀಲರು. ಉಳಿದವರಲ್ಲಿ ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರ್, ಇನ್ನೊಬ್ಬರು ಹೈರಮ್ ಶೋರಿ ಎಂಬ ಬಟ್ಟೆ ಹೊಲಿಯುವ ವ್ಯಾಪಾರಿ. ಹೌದು, ನಿಮ್ಮ ಮೊದಲ ನಾಲ್ವರಲ್ಲಿ ಒಬ್ಬರು ಹೊಲಿಗೆಯವರು. ಸ್ನೇಹದ ಜೊತೆಗೆ, ಸದಸ್ಯರು ಪರಸ್ಪರ ವ್ಯಾಪಾರಕ್ಕೆ ನೆರವಾಗುವುದೂ ಆಗಿನ ಉದ್ದೇಶವಾಗಿತ್ತು. ಆಮೇಲೆ ಸೇವೆ ಸೇರಿಕೊಂಡಿತು. ಅವರ ಮೊದಲ ಊರ ಕೆಲಸ ಯಾವುದು ಗೊತ್ತೇ? ಶಿಕಾಗೊದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಿದ್ದು. ದಿನವಿಡೀ ಸಂತೆಯಲ್ಲಿ, ಬೀದಿಯಲ್ಲಿ ಕೂತು ಮಾರುವ ಹೆಂಗಸರಿಗೆ ಇವತ್ತಿಗೂ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಶೌಚಾಲಯ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮಧ್ಯಾಹ್ನವೇ ಬುಟ್ಟಿ ಕಟ್ಟಿಕೊಂಡು ಮನೆಗೆ ಹೋಗುವವರಿದ್ದಾರೆ. ಇದನ್ನೂ ಮಹಿಳಾ ಉದ್ಯಮಿಗಳ ಯೋಜನೆ ಅಂತಲೇ ಲೆಕ್ಕ ಹಾಕಿ.

ಅಂದಿನ ಆ ವ್ಯಾಪಾರದ ಒಡನಾಟದ ಬಾಗಿಲು ಹೆಂಗಸರಿಗೆ ತೆರೆಯಲು ಬಹಳ ಕಾಲ ಹಿಡಿಯಿತು. ಅಷ್ಟು ಕಾಲ ಕಾಯದೆ ತಮ್ಮದೇ ಕ್ಲಬ್ ಕಟ್ಟಿಕೊಂಡ ಹೆಂಗಸರೂ ಇದ್ದರು. ಝೋಂಟಾ 1919ರಲ್ಲಿ, ಸೊರೊಪ್ಟಿಮಿಸ್ಟ್ 1921ರಲ್ಲಿ, ಇನ್ನರ್ ವೀಲ್ 1924ರಲ್ಲಿ ಶುರುವಾದವು. ಕ್ಯಾಲಿಫೋರ್ನಿಯಾದ ಡ್ವಾರ್ಟೆ ರೋಟರಿ ಕ್ಲಬ್ ಹೆಂಗಸರನ್ನು ಸೇರಿಸಿಕೊಂಡಿತು ಅಂತ 1978ರಲ್ಲಿ ಆ ಕ್ಲಬ್ಬಿನ ಮಾನ್ಯತೆಯನ್ನೇ ಕಿತ್ತುಕೊಂಡರು. ಕ್ಲಬ್ ಕೋರ್ಟಿಗೆ ಹೋಯಿತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದರ ಪರವಾಗಿ ತೀರ್ಪು ಕೊಟ್ಟಿತು. ಆ ತೀರ್ಪಿನಲ್ಲಿ ನನಗೆ ಮುಖ್ಯ ಅನಿಸುವ ಮಾತೊಂದಿದೆ. ಹೆಂಗಸರಿಗೆ ಸಮಾನವಾಗಿ ಸಿಗಬೇಕಾದದ್ದು ಕೈಗೆ ಸಿಗುವ ಸರಕು, ಸೌಲಭ್ಯ ಮಾತ್ರವಲ್ಲ, ಮುಂದಾಳತ್ವದ ಕಲೆ ಮತ್ತು ವ್ಯಾಪಾರದ ಪರಿಚಯಗಳೂ ಹೌದು ಎಂಬುದು ಅದರ ಸಾರ. 1989ರಲ್ಲಿ ರೋಟರಿ ತನ್ನ ನಿಯಮವನ್ನೇ ಬದಲಿಸಿ ಜಗತ್ತಿನಾದ್ಯಂತ ಹೆಂಗಸರಿಗೆ ಸದಸ್ಯತ್ವ ಕೊಟ್ಟಿತು. 2018ರಲ್ಲಿ ಲಯನ್ಸ್‌ಗೆ, 2022ರಲ್ಲಿ ರೋಟರಿಗೆ ಮೊದಲ ಮಹಿಳಾ ಅಂತರರಾಷ್ಟ್ರೀಯ ಅಧ್ಯಕ್ಷರು ಬಂದರು.

ವ್ಯಾಪಾರದ ಪರಿಚಯ ಎಷ್ಟು ಬೆಲೆಯುಳ್ಳದ್ದು ಅಂತ ಒಂದು ದೇಶದ ಅತಿ ದೊಡ್ಡ ಕೋರ್ಟ್ ಒಪ್ಪಿಕೊಂಡಿದೆ. ಅದನ್ನೇ ನಾವು ಕೇಳುತ್ತಿರುವುದು. ನಿಮ್ಮ ಊರಿನಲ್ಲಿ ಸಣ್ಣ ಉದ್ಯಮ ನಡೆಸುವ ಹೆಂಗಸರನ್ನು ಫಲಾನುಭವಿಗಳ ಪಟ್ಟಿಯಲ್ಲಿ ಮಾತ್ರ ಇಡಬೇಡಿ, ಸದಸ್ಯರ ಪಟ್ಟಿಗೂ ತನ್ನಿ. ಸದಸ್ಯತ್ವದ ಶುಲ್ಕ ನಮಗೆ ಭಾರ. ಸಭೆ ರಾತ್ರಿ ಇದ್ದರೆ ಬರಲು ಆಗುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಬೆಳಗಿನ ಸಭೆಯೂ ಕಷ್ಟ. ಇವೆಲ್ಲ ನೀವು ಕೂತು ಮಾತಾಡಿದರೆ ಬಗೆಹರಿಯುವ ವಿಷಯಗಳು. ಶುಲ್ಕವನ್ನು ಕಂತಿನಲ್ಲಿ ತೆಗೆದುಕೊಳ್ಳಬಹುದು, ಸಭೆಯ ಹೊತ್ತು ಬದಲಿಸಬಹುದು, ತರಬೇತಿಯ ದಿನ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ, ಒಬ್ಬರು ಇದ್ದರೆ ಸಾಕು.

ಫೋಟೊ ಬಗ್ಗೆಯೂ ಒಂದು ಮಾತು. ತೆಗೆಯಿರಿ, ಆದರೆ ಕೇಳಿ ತೆಗೆಯಿರಿ. ಕೈಚಾಚಿ ಯಂತ್ರ ತೆಗೆದುಕೊಳ್ಳುವ ಫೋಟೊಗಿಂತ ನಾವು ಹೊಲಿದ ಬ್ಯಾಗಿನ ಫೋಟೊ ಹಾಕಿದರೆ ನಮಗೆ ಗಿರಾಕಿಯಾದರೂ ಸಿಗುತ್ತಾರೆ.

ಇನ್ನು ವರ್ಷದ ವಿಷಯ. ಜುಲೈ 1ಕ್ಕೆ ಅಧ್ಯಕ್ಷರು ಬದಲಾಗುವುದು ಒಳ್ಳೆಯ ಪದ್ಧತಿಯೇ. ಎಲ್ಲರಿಗೂ ಅವಕಾಶ ಸಿಗುತ್ತದೆ. ಆದರೆ ಒಂದು ಸಣ್ಣ ಉದ್ಯಮ ಕಾಲೂರಲು ಒಂದು ವರ್ಷ ಸಾಲದು. ಮೊದಲ ವರ್ಷ ಕಲಿಯುವುದರಲ್ಲೇ ಹೋಗುತ್ತದೆ. ಎರಡನೇ ವರ್ಷ ಗಿರಾಕಿ ನಿಲ್ಲುತ್ತಾರೆ. ಹಾಕಿದ ಹಣಕ್ಕೆ ಮೇಲೆ ಏನಾದರೂ ಉಳಿಯುವುದು ಅದರ ನಂತರ. ಆದ್ದರಿಂದ ಈ ಕೆಲಸಕ್ಕೆ ಮೂರು ವರ್ಷದ ಸಮಿತಿ ಮಾಡಿ. ಈಗಿನ ಅಧ್ಯಕ್ಷರು, ಮುಂದಿನವರು, ಅವರ ನಂತರದವರು ಮೂವರೂ ಅದರಲ್ಲಿರಲಿ. ಮೂವತ್ತು ಜನಕ್ಕೆ ಯಂತ್ರ ಕೊಡುವ ಹಣದಲ್ಲಿ ಆರು ಜನರನ್ನು ಮೂರು ವರ್ಷ ಕೈಹಿಡಿದು ನಡೆಸಿ. ವರದಿಯಲ್ಲಿ ಸಂಖ್ಯೆ ಚಿಕ್ಕದಾಗಿ ಕಾಣಬಹುದು. ಜಿಲ್ಲಾ ಪ್ರಶಸ್ತಿ ಬೇರೆ ಕ್ಲಬ್ಬಿಗೆ ಹೋಗಬಹುದು. ಆದರೂ ಹಾಗೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ವರದಿಯಲ್ಲಿ ಎಷ್ಟು ಯಂತ್ರ ಕೊಟ್ಟೆವು ಅಂತ ಬರೆಯುವ ಜಾಗದಲ್ಲಿ, ಮೂರು ವರ್ಷದ ಹಿಂದೆ ಜೊತೆಯಾದವರಲ್ಲಿ ಎಷ್ಟು ಜನರ ವ್ಯಾಪಾರ ಇವತ್ತೂ ನಡೆಯುತ್ತಿದೆ ಅಂತ ಬರೆಯಿರಿ.

ಜೂನ್ ತಿಂಗಳಲ್ಲಿ ಹಳೆಯ ಅಧ್ಯಕ್ಷರು, ಹೊಸ ಅಧ್ಯಕ್ಷರು ಕೂತು ಫೈಲು, ಲೆಕ್ಕ ಒಪ್ಪಿಸಿಕೊಳ್ಳುತ್ತೀರಲ್ಲ, ಆ ದಿನ ಒಂದು ಕೆಲಸ ಮಾಡಿ. ಹಿಂದಿನ ಮೂರು ವರ್ಷಗಳ ಫಲಾನುಭವಿಗಳ ಪಟ್ಟಿ ತೆಗೆದು, ಅಲ್ಲಿರುವ ಹೆಸರುಗಳಿಗೆ ಇಬ್ಬರೂ ಸೇರಿ ಫೋನ್ ಮಾಡಿ. ಯಂತ್ರ ಓಡುತ್ತಿದೆಯೇ, ಯಾರಿಗೆ ಮಾರುತ್ತಿದ್ದೀರಿ, ಯಾರಿಂದ ಹಣ ಬರಬೇಕು ಅಂತ ಕೇಳಿ. ಸಿಟ್ಟಿನ ಮಾತು ಬಂದರೂ ಕೇಳಿಸಿಕೊಳ್ಳಿ. ಅವರಲ್ಲಿ ವ್ಯಾಪಾರ ಮಾಡುತ್ತಿರುವವರನ್ನು ಮುಂದಿನ ಸಭೆಗೆ ಕರೆಯಿರಿ. ವೇದಿಕೆ ಬೇಡ, ನಿಮ್ಮ ಮೇಜಿನ ಹತ್ತಿರವೇ ಕೂರಿಸಿ. ಈ ವರ್ಷ ಕ್ಲಬ್ಬಿಗೆ ಏನೇನು ಕೊಳ್ಳಬೇಕಿದೆ ಅನ್ನುವ ಪಟ್ಟಿಯನ್ನು ಅವರ ಮುಂದಿಟ್ಟು ಕೊಟೇಷನ್ ಕೇಳಿ.

ವಿಶ್ವಾಸದಿಂದ,
ಒಬ್ಬ ಸಣ್ಣ ಉದ್ಯಮಿ